ಥಾಯ್ಲೆಂಡಿನಲ್ಲಿ ಒಂದು ಮುಯ್ಯಾಳು

ಅರಳಸುರಳಿ, ನಮ್ಮ ಅಂಗಳ

ಫೋನು ಬಂದಾಗ ನಾನು ಹಲಸಿನ ಹಪ್ಪಳ ಮಗುಚುತ್ತಿದ್ದೆ. ಬಿಸಿಲು ನೆತ್ತಿಗೆ ಬರುವ ಮೊದಲು ಮಗುಚದಿದ್ದರೆ ಅಂಚು ಮುದುಡಿ ದೊನ್ನೆಯ ಹಾಗೆ ಆಗುತ್ತದೆ. ಒಂದು ಕೈಯಲ್ಲಿ ಹಪ್ಪಳ, ಇನ್ನೊಂದರಲ್ಲಿ ಕಾಗೆ ಓಡಿಸುವ ಕೋಲು, ಕಿವಿಗೂ ಹೆಗಲಿಗೂ ನಡುವೆ ಫೋನು. ಆ ಕಡೆ ಹೊಸನಗರದ ಮೇಡಂ. ನಮ್ಮ ಸುತ್ತಮುತ್ತಲಿನ ಹೆಂಗಸರ ಸಂಘಗಳನ್ನು ನೋಡಿಕೊಳ್ಳುವವರು ಅವರೇ.

"ಸುಮಿತ್ರಕ್ಕ, ನಿಮ್ಮ ಹತ್ರ ಪಾಸ್‌ಪೋರ್ಟ್ ಇದೆ ಅಂದಿದ್ರಲ್ಲ?"

ಇತ್ತು. ಪಶುಪತಿನಾಥನ ದರ್ಶನಕ್ಕೆ ಬೇಕಾಗುತ್ತದೆಂದು ನಮ್ಮನೆಯವರು ಮಾಡಿಸಿಟ್ಟಿದ್ದರು. ಮಾಡಿಸಿದ ಮೇಲೆ ನೇಪಾಳಕ್ಕೆ ಅದು ಬೇಡ ಎಂದು ತಿಳಿಯಿತು. ಆಮೇಲೆ ನೇಪಾಳಕ್ಕೂ ಹೋಗಲಿಲ್ಲ.

"ಹಾಗಾದ್ರೆ ಥಾಯ್ಲೆಂಡಿಗೆ ಹೊರಡಿ" ಎಂದರು ಮೇಡಂ.

ನನ್ನ ಕೋಲು ಕೆಳಗೆ ಬಿತ್ತು. ಕಾಗೆ ಒಂದು ಹಪ್ಪಳ ಕಚ್ಚಿಕೊಂಡು ಹೋಯಿತು. ಒಂದೇ ಹೋಯಿತಲ್ಲ, ಅದೊಂದು ಪುಣ್ಯ.

ಊರು ಬೆಳೆಯುವುದರಲ್ಲಿ ಸಂಸ್ಥೆಗಳ ಪಾತ್ರ ಏನು ಎಂದು ನೋಡಿಬರುವ ಅಧ್ಯಯನ ಪ್ರವಾಸವಂತೆ. ಸಾಗರದಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಗಂಗಕ್ಕ, ತೀರ್ಥಹಳ್ಳಿ ಕಡೆಯಿಂದ ಹಪ್ಪಳದ ನಾನು, ಕರೆದುಕೊಂಡು ಹೋಗುವವರು ಮೇಡಂ. ಹೋಗಿಬಂದ ಸಂಘಕ್ಕೆ ಹಪ್ಪಳ ಒಣಗಿಸುವ ಯಂತ್ರ ಕೊಡುತ್ತಾರೆ. ಮಳೆಗಾಲದಲ್ಲೂ ಕೆಲಸ ನಿಲ್ಲುವುದಿಲ್ಲ. ಆದರೆ ಅರ್ಜಿಗೆ ಸಂಘದ ಹನ್ನೊಂದೂ ಜನರ ಸಹಿ ಬೇಕು, ಮಳೆ ಹಿಡಿಯುವುದರೊಳಗೆ ಬೇಕು. ಇಲ್ಲದಿದ್ದರೆ ಯಂತ್ರ ಬೇರೆ ಸಂಘದ ಪಾಲು.

ಹೊರಡುವ ಹೊತ್ತಿಗೆ ನಮ್ಮಲ್ಲಿ ಹತ್ತು ಸಹಿಯಾಗಿತ್ತು. ಹನ್ನೊಂದನೆಯದು ಜಲಜಕ್ಕನದು. ಅವಳ ಮನೆ ನಮ್ಮ ಮನೆಯಿಂದ ನಾಲ್ಕನೆಯದು. ಹಪ್ಪಳ ಒತ್ತುವುದರಲ್ಲಿ ಅವಳನ್ನು ಮೀರಿಸಿದವರು ಊರಲ್ಲಿಲ್ಲ. ಆದರೆ ಹೋದ ವರ್ಷದ ಹಲಸಿನ ಕಾಲದಿಂದ ಸಂಘಕ್ಕೂ ಬರುವುದಿಲ್ಲ, ನನ್ನ ಹತ್ತಿರ ಮಾತೂ ಇಲ್ಲ. ಕಾರಣ ಕೇಳಿದವರಿಗೆಲ್ಲ ನಾನು, "ಅವಳಿಗೆ ಶಿಸ್ತು ಅಂದ್ರೆ ಆಗಲ್ಲ" ಎಂದು ಹೇಳುತ್ತಿದ್ದೆ. ನಾನು ಸಂಘದ ಕಾರ್ಯದರ್ಶಿ.

ನಮ್ಮನೆಯವರು ತೀರ್ಥಹಳ್ಳಿಯಲ್ಲಿ ಟೈಲರು. ಸುದ್ದಿ ಕೇಳಿ, ಹಲ್ಲಿನ ನಡುವಿನ ದಾರ ತೆಗೆಯದೆಯೇ ಕೇಳಿದರು, "ಹಪ್ಳ ಮಾಡೋದು ಕಲಿಯೋಕೆ ವಿಮಾನ ಹತ್ಬೇಕಾ?"

"ಹಪ್ಳ ಅಲ್ಲ, ಸಂಸ್ಥೆ."

"ಸಂಸ್ಥೆ ಅಂದ್ರೆ ಎಂತದು?"

"ಅದನ್ನೇ ನೋಡೋಕೆ ಹೋಗ್ತಿರೋದು."

ವಿಮಾನ ನಿಲ್ದಾಣ

ಹಪ್ಪಳದ ಮಣೆಯನ್ನು ನಾನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದ್ದೆ. ಎರಡು ಹಲಗೆ, ನಡುವೆ ಕಬ್ಬಿಣದ ಕೀಲು, ಒತ್ತುವುದಕ್ಕೆ ಉದ್ದನೆಯ ಹಿಡಿ. ಅದು ಪರದೆಯ ಮೇಲೆ ಹೇಗೆ ಕಾಣಿಸಿತೋ ಏನೋ, ನನ್ನನ್ನು ಕರೆಸಿದರು. ಮೂವರು ಅಧಿಕಾರಿಗಳು ಸುತ್ತ ನಿಂತರು. ನಾನು ನೆಲದ ಮೇಲೆ ಕೂತು ಒತ್ತಿ ತೋರಿಸಿದೆ. ಒಬ್ಬರು, "ನಮ್ಮಜ್ಜಿ ಮನೇಲೂ ಇತ್ತು" ಎಂದು ನನ್ನನ್ನು ಹೋಗಲು ಬಿಟ್ಟರು. ಅದೊಂದು ಪುಣ್ಯ.

ಸಿಕ್ಕಿಬಿದ್ದದ್ದು ಗಂಗಕ್ಕ. ಕೈಚೀಲದಲ್ಲಿ ಉಪ್ಪಿನಕಾಯಿ ಬಾಟಲಿ ಇಟ್ಟುಕೊಂಡಿದ್ದಳು. ನೀರಿನ ಪದಾರ್ಥ ಒಯ್ಯುವ ಹಾಗಿಲ್ಲ ಎಂದರು.

"ನೀರು ಹಾಕಿದ್ದಿಲ್ಲೆ" ಎಂದಳು ಗಂಗಕ್ಕ. "ನೀರು ತಾಗಿರೆ ಉಪ್ಪಿನಕಾಯಿ ಹಾಳಾಗ್ತು. ಅಷ್ಟೂ ಗೊತ್ತಿಲ್ಯ ನಿಂಗಕ್ಕೆ?"

ಅವರಿಗೆ ಗೊತ್ತಿರಲಿಲ್ಲ. ಬಾಟಲಿಯನ್ನು ಇಸಿದುಕೊಂಡರು. ಆದರೆ ಕಸದ ಡಬ್ಬಿಗೆ ಹಾಕಲಿಲ್ಲ, ಮೇಜಿನ ಕೆಳಗೆ ಜೋಪಾನವಾಗಿ ಇಟ್ಟರು. ಊಟದ ಹೊತ್ತು ಹತ್ತಿರವಿತ್ತು. ವಿಮಾನ ಏರಿದ ಮೇಲೂ ಗಂಗಕ್ಕ ಅದನ್ನೇ ಹೇಳಿದಳು, "ಸೌಟಾದ್ರೂ ಒಣಗಿದ್ದು ಹಾಕ್ತ್ವೋ ಇಲ್ಯೋ." ನಾನು ಮಂಜುನಾಥಸ್ವಾಮಿಯನ್ನು ನೆನೆಯುತ್ತಾ ಕಣ್ಣು ಮುಚ್ಚಿದ್ದೆ. ತೆರೆದಾಗ ಮೋಡಗಳೆಲ್ಲ ನಮ್ಮ ಕೆಳಗಿದ್ದವು. ಆಗುಂಬೆಯಲ್ಲೂ ಹಾಗೆ ಕಾಣುತ್ತದೆ, ಆದರೆ ಅಲ್ಲಿ ಬಸ್ಸಿನಿಂದ ಇಳಿಯಬಹುದು.

ಶನಿವಾರ, ಪೇಟೆಯ ಸಭಾಂಗಣ

ಥಾಯ್ಲೆಂಡಿನ ಉತ್ತರಕ್ಕೆ ಲಂಪಾಂಗ್ ಎಂಬ ಪೇಟೆ. ಬೀದಿಯಲ್ಲಿ ಯಾರೂ ಹಾರನ್ ಹೊಡೆಯುವುದಿಲ್ಲ. ಮೊದಲ ಅರ್ಧ ದಿನ ನಾನು ಊರಿನಲ್ಲಿ ಯಾರೋ ತೀರಿಕೊಂಡಿರಬೇಕು ಎಂದುಕೊಂಡಿದ್ದೆ.

ಸಭಾಂಗಣದಲ್ಲಿ ಒಬ್ಬ ಸಾಹೇಬರು ಮಾತನಾಡಿದರು. ಅವರ ಥಾಯ್ ಮಾತನ್ನು ಮಾಲಿ ಎಂಬ ಹುಡುಗಿ ಇಂಗ್ಲಿಷಿಗೆ ತರುತ್ತಿದ್ದಳು, ಮೇಡಂ ಅದನ್ನು ಕನ್ನಡಕ್ಕೆ ತರುತ್ತಿದ್ದರು. ಹೀಗಾಗಿ ಸಾಹೇಬರು ನಕ್ಕು ಮುಗಿಸಿ ನೀರು ಕುಡಿಯುವಾಗ ನಮಗೆ ನಗು ಬರುತ್ತಿತ್ತು.

"ಒಂದೇ ಮಣ್ಣು, ಒಂದೇ ಮಳೆ ಇರುವ ಎರಡು ಊರು. ಒಂದು ಬೆಳೆಯುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ. ಯಾಕೆ?" ಎಂದು ಕೇಳಿದರು.

ಗಂಗಕ್ಕ ಕೈ ಎತ್ತಿದಳು. "ಒಂದೂರಿಗೆ ಬಸ್ಸಿದ್ದು, ಇನ್ನೊಂದಕ್ಕೆ ಇಲ್ಲೆ."

ಅದು ಇಂಗ್ಲಿಷು ದಾಟಿ ಥಾಯ್ ತಲುಪಿದಾಗ ಸಾಹೇಬರು ತಲೆದೂಗಿದರು. ತಪ್ಪಿಲ್ಲ, ಆದರೆ ಬಸ್ಸು, ರಸ್ತೆ, ಯಂತ್ರ ಇವನ್ನೆಲ್ಲ ಯಾರಾದರೂ ಕೊಡಬಹುದು. ಕೊಟ್ಟದ್ದು ನಡೆಯಬೇಕಾದರೆ ಸಂಸ್ಥೆ ಬೇಕು. ಸಂಸ್ಥೆ ಎಂದರೆ ಕಟ್ಟಡವಲ್ಲ. ಯಾರೂ ನೋಡದಿದ್ದಾಗಲೂ ಜನ ಮೀರದ ಒಂದು ಕಟ್ಟುಪಾಡು, ಅದು ಸಂಸ್ಥೆ ಎಂದರು.

ನನಗೆ ಒಳಗೊಳಗೇ ಸಂತೋಷವಾಯಿತು. ನಮ್ಮ ಸಂಘದಲ್ಲಿ ಕಟ್ಟುಪಾಡಿಗೆ ಬರವಿಲ್ಲ. ಬೋರ್ಡು, ಬೀಗ, ರಬ್ಬರ್ ಸ್ಟಾಂಪು, ಕುರ್ಚಿಗಳು ಎಲ್ಲ ಇವೆ. ಎಲ್ಲಕ್ಕಿಂತ ಮಿಗಿಲಾಗಿ ಹಳೆಯ ಮುಯ್ಯಾಳನ್ನು ತೆಗೆದುಹಾಕಿದ್ದೇವೆ. ಹಿಂದೆ ನಮ್ಮಲ್ಲಿ ಹಪ್ಪಳ ಎಂದರೆ ಮುಯ್ಯಾಳು. ಇವತ್ತು ಕೇರಿಯ ಹೆಂಗಸರೆಲ್ಲ ನಮ್ಮ ಮನೆಗೆ ಬಂದು ಒತ್ತುತ್ತಾರೆ, ನಾಳೆ ನಾನು ಅವರ ಮನೆಗೆ ಹೋಗಿ ಒತ್ತುತ್ತೇನೆ. ಕೂಲಿಯಿಲ್ಲ, ಕಾಗದವಿಲ್ಲ. ಅವಲಕ್ಕಿ, ಕಾಫಿ, ಊರಿನ ಸುದ್ದಿ, ಅಷ್ಟೇ. ಸಂಘ ನೋಂದಣಿಯಾದ ಮೇಲೆ ಎಲ್ಲರೂ ಸಂಘದ ಶೆಡ್ಡಿಗೇ ಬಂದು ಒತ್ತಬೇಕು, ಹಾಜರಿ ಹಾಕಬೇಕು ಎಂದು ನಿಯಮ ತಂದೆವು. ತಂದೆವು ಎಂದರೆ ನಾನು ಓದಿದೆ, ಉಳಿದವರು ಕಾಫಿ ಕುಡಿಯುತ್ತಾ ಹೂಂ ಎಂದರು.

ಎದ್ದು ನಿಂತು ಕೇಳಿದೆ, "ನಮ್ಮಲ್ಲಿ ನಿಯಮ ಎಲ್ಲ ಇದೆ. ಆದ್ರೂ ಒಬ್ಬಳು ಬರ್ತಿಲ್ಲ. ಅವಳನ್ನ ಸರಿ ಮಾಡೋದು ಹೆಂಗೆ?"

ಸಾಹೇಬರು ನೀರಿನ ಲೋಟ ಕೆಳಗಿಟ್ಟರು. "ನಾಳೆ ಹಳ್ಳಿಗೆ ಹೋಗ್ತೀರಲ್ಲ, ಅಲ್ಲಿ ಕೇಳಿ" ಎಂದರು. ಉತ್ತರ ಗೊತ್ತಿಲ್ಲದಾಗ ನಮ್ಮ ತಾಲ್ಲೂಕು ಕಚೇರಿಯಲ್ಲೂ ಹೀಗೇ ಹೇಳುತ್ತಾರೆ ಎಂದುಕೊಂಡು ಕೂತೆ.

ಭಾನುವಾರ, ಪಾ ನೊಯ್ ಅಂಗಳ

ಹಳ್ಳಿಯಲ್ಲಿ ನಮ್ಮನ್ನು ತಮ್ಮ ಮನೆಯಲ್ಲಿ ಉಳಿಸಿಕೊಂಡವರ ಹೆಸರು ಪಾ ನೊಯ್. ಪಾ ಎಂದರೆ ದೊಡ್ಡಮ್ಮ, ನೊಯ್ ಎಂದರೆ ಪುಟ್ಟಿ ಎಂದು ಮಾಲಿ ಹೇಳಿದಳು. ಎಪ್ಪತ್ತರ ಹತ್ತಿರದ ಪುಟ್ಟ ದೊಡ್ಡಮ್ಮ. ಅಂಗಳದ ಮೂಲೆಯಲ್ಲಿ ಕಂಬದ ಮೇಲೆ ಗೂಡಿನಂಥ ಒಂದು ಪುಟ್ಟ ಮನೆಯಿತ್ತು. ಜಾಗ ಕಾಯುವ ದೈವದ್ದಂತೆ. ಮುಂದೆ ಕೆಂಪು ಸೋಡಾದ ಬಾಟಲಿ, ಅದಕ್ಕೊಂದು ಸ್ಟ್ರಾ. ನಮ್ಮ ಚೌಡಿಗೆ ಕೋಳಿ ಕೊಡುತ್ತೇವೆ, ಆದರೆ ತಿನ್ನುವುದಕ್ಕೆ ಅನುಕೂಲವಾಗಲಿ ಎಂದು ನಾವು ಯಾವತ್ತೂ ಏನನ್ನೂ ಇಟ್ಟವರಲ್ಲ. ನಾಚಿಕೆಯಾಯಿತು. ಕೈಮುಗಿದೆ.

ಪಾ ನೊಯ್ ಮನೆಯಲ್ಲಿ ಅವತ್ತು ಕೆಲಸವಿತ್ತು. ಅಂಟಂಟಾದ ಒಂದು ಜಾತಿಯ ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಕಲ್ಲಂಗಡಿ ರಸ ಕಲಸಿ, ಬಿಲ್ಲೆ ಮಾಡಿ ಒಣಗಿಸುತ್ತಾರೆ. ಆಮೇಲೆ ಕರಿದು ಮೇಲೆ ಬೆಲ್ಲದ ಪಾಕ ಸುರಿಯುತ್ತಾರೆ. ನಮ್ಮ ಸಂಡಿಗೆಯ ದೂರದ ನೆಂಟ. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ಮಾತಾಡುತ್ತಾ ಮಾಡುತ್ತಿದ್ದರು. ಮಾತು ಅರ್ಥವಾಗದಿದ್ದರೂ ಯಾರದೋ ಸೊಸೆಯ ವಿಷಯ ಎಂದು ದನಿಯಲ್ಲೇ ತಿಳಿಯಿತು. ಸುಮ್ಮನೆ ನೋಡುತ್ತಾ ಕೂರುವುದು ನನ್ನ ಜಾಯಮಾನಕ್ಕೆ ಆಗದು. ಸೆರಗು ಸಿಕ್ಕಿಸಿಕೊಂಡು ಕೂತುಬಿಟ್ಟೆ.

ಅವರ ಹತ್ತಿರ ಬಿದಿರಿನ ಬಳೆಗಳಿದ್ದವು. ಎಲ್ಲರ ಕೈಯಲ್ಲೂ ಒಂದೇ ಅಳತೆಯ ಬಳೆ. ಅನ್ನವನ್ನು ಬಳೆಯೊಳಗೆ ತುಂಬಿ ಒತ್ತಿ, ಬಳೆ ಎತ್ತಬೇಕು. ನನಗೆ ಹಪ್ಪಳದ ಕೈ. ತೆಳ್ಳಗೆ ಒತ್ತುವುದೇ ಅಭ್ಯಾಸ. ಬಳೆ ಎತ್ತಿದರೆ ನನ್ನ ಬಿಲ್ಲೆ ಹರಿದು ಹೋಗುತ್ತಿತ್ತು. ಪಕ್ಕಕ್ಕೆ ಸರಿಸಿದೆ. ಪಾ ನೊಯ್ ಅದನ್ನು ಎತ್ತಿ ನನ್ನ ಬಾಯಿಯ ಕಡೆ ತೋರಿಸಿದರು.

"ಕೆಟ್ಟದ್ದನ್ನ ಮಾಡಿದವರೇ ತಿನ್ಬೇಕಂತೆ, ಅದು ಇಲ್ಲಿಯ ಪದ್ಧತಿ" ಎಂದರು ಮೇಡಂ.

ಮಧ್ಯಾಹ್ನದ ಹೊತ್ತಿಗೆ ನಾನು ಒಂಬತ್ತು ತಿಂದಿದ್ದೆ. ಗಂಗಕ್ಕ ಕೆಲಸಕ್ಕೆ ಕೂರದೆ ಗೋಡೆಗೊರಗಿ ಎಣಿಸುತ್ತಿದ್ದಳು. "ತಿನ್ನು ತಿನ್ನು, ಊಟದ ಖರ್ಚು ಉಳಿತು."

ನನಗೆ ಆಶ್ಚರ್ಯವಾದದ್ದು ಬೇರೆ. ಅಲ್ಲಿ ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ. ತುದಿಯಲ್ಲಿ ಬೆನ್ನು ಹಾಕಿ ಕೂತಿದ್ದ ಒಬ್ಬಾಕೆ ಒಡೆದದ್ದೊಂದನ್ನು ತಾನೇ ಎತ್ತಿ ಬಾಯಿಗೆ ಹಾಕಿಕೊಂಡಳು. ಯಾರೂ ನೋಡುತ್ತಿರಲಿಲ್ಲ, ನಾನೊಬ್ಬಳನ್ನು ಬಿಟ್ಟು. ನಮ್ಮ ಶೆಡ್ಡಿನಲ್ಲಿ ದಪ್ಪ ಹಪ್ಪಳವನ್ನು ಕಟ್ಟಿನ ನಡುವೆ ಇಟ್ಟು, ಮೇಲೊಂದು ಕೆಳಗೊಂದು ತೆಳ್ಳಗಿನದನ್ನು ಇಟ್ಟು ಕಟ್ಟುವುದುಂಟು. ಕಟ್ಟುವುದುಂಟು ಎಂದೇಕೆ, ನಾನೇ ಕಟ್ಟಿದ್ದೇನೆ. ಶಿವಮೊಗ್ಗದ ಅಂಗಡಿಯಿಂದ ಅವು ವಾಪಸು ಬಂದಾಗ, ಜಲಜಕ್ಕ ಕೈ ಕೊಟ್ಟದ್ದರಿಂದ ಹೀಗಾಯಿತು ಎಂದು ಸಭೆಯಲ್ಲಿ ಹೇಳಿದ್ದೆ.

ಸೋಮವಾರ

ಸೋಮವಾರ ನನಗೆ ಮೀನು ಮಾಂಸ ಇಲ್ಲ. ಮದುವೆಯಾದಾಗಿನಿಂದ ತಪ್ಪಿಲ್ಲ. ಬೆಳಿಗ್ಗೆ ಪಾ ನೊಯ್ ಸೊಪ್ಪಿನ ಪಲ್ಯ ಮಾಡಿದ್ದರು. ಸೊಪ್ಪು ತಾನೇ ಎಂದು ತಟ್ಟೆಗೆ ಹಾಕಿಸಿಕೊಂಡೆ. ಬಾಯಿಯ ಹತ್ತಿರ ತಂದಾಗ ಮೀನಿನ ವಾಸನೆ. ಅಲ್ಲಿ ನಾವು ಉಪ್ಪು ಹಾಕುವಲ್ಲಿ ಅವರು ಮೀನಿನ ರಸ ಹಾಕುತ್ತಾರೆ. ಗಂಗಕ್ಕನಿಗೆ ವಾರದ ಏಳು ದಿನವೂ ಸೋಮವಾರವೇ ಆದ್ದರಿಂದ, ಅವಳು ಬಂದಾಗಿನಿಂದ ತನ್ನ ಚೀಲದ ಅವಲಕ್ಕಿ ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. "ಎನ್ನ ಚೀಲದಲ್ಲಿ ಇನ್ನೂ ಇದ್ದು, ಬಾ" ಎಂದಳು.

ವಿಷಯ ತಿಳಿದದ್ದೇ ಪಾ ನೊಯ್ ಒಳಗೆ ಹೋಗಿ, ಕಾಗದ ಸುತ್ತಿಟ್ಟಿದ್ದ ಹೊಸ ಬಾಣಲೆ ತೆಗೆದು ತೊಳೆದು, ಉಪ್ಪು ಹಾಕಿ ಬೇರೆಯೇ ಪಲ್ಯ ಮಾಡಿಕೊಟ್ಟರು. ಹಳೆಯ ಬಾಣಲೆ ಆಗದು ಎಂದು ಅವರಿಗೆ ನಾವು ಹೇಳಿರಲಿಲ್ಲ. ಅವತ್ತಿನ ಪುಣ್ಯ ಅದು, ದೊಡ್ಡದು. ಗಂಗಕ್ಕನೂ ಅವಲಕ್ಕಿ ಕಟ್ಟಿಟ್ಟು ತಟ್ಟೆ ಮುಂದೆ ಮಾಡಿದಳು.

ಊಟದ ನಡುವೆ ಪಾ ನೊಯ್ ಗಂಭೀರವಾಗಿ ಏನೋ ಹೇಳಲು ಶುರುಮಾಡಿದರು. ತುಂಬ ಹೊತ್ತು ಹೇಳಿದರು. ಮಾಲಿಯ ಇಂಗ್ಲಿಷಿನಲ್ಲಿ ಅದು ಅರ್ಧವಾಯಿತು, ಮೇಡಂ ಬಾಯಲ್ಲಿ ಕಾಲು ಭಾಗ ಬಂತು.

"ನಿನ್ನೆ ನೀವು ಇವರ ಮನೇಲಿ ಒಂದು ದಿನ ಕೆಲಸ ಮಾಡಿದ್ರಂತೆ. ಇವರು ನಿಮ್ಮನೆಗೆ ಯಾವತ್ತು ಬರ್ಬೇಕು ಅಂತ ಕೇಳ್ತಿದಾರೆ."

"ನಮ್ಮನೆಗಾ? ಅರಳಸುರಳಿಗಾ?"

"ಹೂಂ. ಬಸ್ಸಿದೆಯಾ ಅಂತಲೂ ಕೇಳಿದ್ರು."

ನನಗೆ ನಗು ತಡೆಯಲಾಗಲಿಲ್ಲ. ಪಾ ನೊಯ್ ನಗಲಿಲ್ಲ. ಅಂಗಳಕ್ಕೆ ಬಂದು ಒಂದು ದಿನ ದುಡಿದವಳಿಗೆ ಒಂದು ದಿನ ದುಡಿದು ಕೊಡದೆ ಬಿಡುವುದು ಅಲ್ಲಿ ಇಲ್ಲವಂತೆ. ಗದ್ದೆ ಕೊಯ್ಲಿಗೂ ಹಾಗೆ, ಮನೆ ಕಟ್ಟುವುದಕ್ಕೂ ಹಾಗೆ.

"ಅಯ್ಯೋ ಬಿಡಿ ದೊಡ್ಡಮ್ಮ. ನಮ್ಮಲ್ಲೂ ಇತ್ತು. ಮುಯ್ಯಾಳು ಅಂತಾರೆ. ಈಗ ಸಂಘ ಆದ್ಮೇಲೆ ತೆಗ್ದು ಹಾಕಿದೀವಿ" ಎಂದೆ.

ನನ್ನ ಮಾತು ಎರಡು ಭಾಷೆ ದಾಟಿ ಅವರನ್ನು ತಲುಪಿತು. ಅವರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಒಂದೇ ಒಂದು ಪ್ರಶ್ನೆ ಕೇಳಿದರು. ಅದು ಮಾಲಿಗೆ ಬಂತು, ಮೇಡಂಗೆ ಬಂತು, ನನಗೆ ಬಂತು.

"ತೆಗೆದು ಹಾಕಿದ ದಿನ ಯಾರ ಸರದಿ ಬಾಕಿ ಇತ್ತು?"

ಮೇಡಂ ನನ್ನ ಮುಖ ನೋಡಿದರು. ಮಾಲಿ ಮೇಡಂ ಮುಖ ನೋಡಿದಳು. ಪಾ ನೊಯ್ ಮೊದಲಿನಿಂದಲೂ ನನ್ನನ್ನೇ ನೋಡುತ್ತಿದ್ದರು.

ಹೋದ ವರ್ಷ ನನ್ನ ಮಗಳ ಮದುವೆಗೆಂದು ಹಪ್ಪಳ ಒತ್ತುವಾಗ ಜಲಜಕ್ಕ ನಮ್ಮ ಮನೆಯಲ್ಲಿ ಎರಡು ದಿನ ಸೊಂಟ ನೆಟ್ಟಗೆ ಮಾಡದೆ ದುಡಿದಿದ್ದಳು. ಮದುವೆ ಮುಗಿದು, ಮುಂದಿನ ಸರದಿ ಅವಳದು. ಅವಳು ಹಲಸಿನ ಕಾಯಿ ಕೊಯ್ಯಿಸಿ ಜಗಲಿಯಲ್ಲಿ ಸಾಲಾಗಿ ಇಟ್ಟುಕೊಂಡಿದ್ದಳು. ಆ ವಾರವೇ ನಾನು ಸಭೆಯಲ್ಲಿ ನಿಯಮ ಓದಿದ್ದು. ಅವಳು ಜಗಲಿಯಲ್ಲಿ ನಮಗೆ ಕಾಯುತ್ತಿದ್ದಳು, ನಾವು ಶೆಡ್ಡಿನಲ್ಲಿ ಹಾಜರಿ ಹಾಕುತ್ತಿದ್ದೆವು. ಕಾಯಿ ಅಷ್ಟೂ ಹಣ್ಣಾಯಿತು. ಹಣ್ಣಿನಿಂದ ಹಪ್ಪಳ ಆಗುವುದಿಲ್ಲ. ವಾಸನೆ ನಮ್ಮ ಮನೆಯವರೆಗೂ ಬರುತ್ತಿತ್ತು. "ಜಲಜಕ್ಕನ ಮನೇಲಿ ಈ ಸಲ ಹಣ್ಣು ಜೋರು" ಎಂದು ನಾನು ನಮ್ಮನೆಯವರ ಹತ್ತಿರ ಹೇಳಿದ್ದು ಈಗಲೂ ನೆನಪಿದೆ.

"ಒಬ್ಬರದ್ದು ಇತ್ತು" ಎಂದೆ.

ಪಾ ನೊಯ್ ಹಿಡಿದಿದ್ದ ತುತ್ತನ್ನು ಬಾಯಿಗೆ ಹಾಕಿಕೊಂಡರು. ನನ್ನ ತಟ್ಟೆಗೆ ಇನ್ನೊಂದು ಹಿಡಿ ಅನ್ನ ಹಾಕಿದರು.

ಮಂಗಳವಾರ, ಮತ್ತೆ ಪೇಟೆ

ಕೊನೆಯ ದಿನ ನಮ್ಮ ನಮ್ಮ ಪದಾರ್ಥಗಳ ಪ್ರದರ್ಶನ, ಆಮೇಲೆ ಕಲಿತದ್ದರ ಬಗ್ಗೆ ಭಾಷಣ. ನಾನು ಮೇಜಿನ ಮೇಲೆ ಹಪ್ಪಳ ಜೋಡಿಸುತ್ತಿದ್ದಾಗ ಹೊರಗೆ ಒಂದು ಮೋಟಾರು ಬೈಕು ನಿಂತಿತು. ಬೈಕಿನ ಪಕ್ಕಕ್ಕೆ ಜೋಡಿಸಿದ್ದ ತೊಟ್ಟಿಲಿನಂಥ ಗಾಡಿಯಿಂದ ಪಾ ನೊಯ್ ಇಳಿದರು. ಕೂರಲು ಸ್ವಂತ ಮಣೆ, ಸೊಂಟಕ್ಕೆ ಕಟ್ಟುವ ಬಟ್ಟೆ, ಮಧ್ಯಾಹ್ನದ ಬುತ್ತಿ, ಎಲ್ಲ ತಂದಿದ್ದರು.

"ನಿಮ್ಮೂರು ದೂರ ಆಯ್ತಂತೆ" ಎಂದರು ಮೇಡಂ. "ಅದಕ್ಕೆ ಇಲ್ಲೇ ತೀರಿಸ್ತಾರಂತೆ."

ದಿನವಿಡೀ ಅವರು ಹಪ್ಪಳ ಕರಿದರು. ನನ್ನ ಮಣೆಯನ್ನು ಮಗುಚಿ ಮಗುಚಿ ನೋಡಿ, ಒತ್ತುವುದನ್ನು ಒಂದೇ ಸಲಕ್ಕೆ ಕಲಿತರು. ಅಲ್ಲಿಗೆ ಬಿಡಬಾರದೇ? ಸೊಂಟದಿಂದ ಬಿದಿರಿನ ಬಳೆ ತೆಗೆದು ನನ್ನ ಹಪ್ಪಳಗಳ ಮೇಲೆ ಒಂದೊಂದಾಗಿ ಇಟ್ಟು ಅಳೆಯಲು ಶುರುಮಾಡಿದರು. ಅಳತೆ ಮೀರಿದ್ದನ್ನೆಲ್ಲ ಕರಿದು ನನ್ನ ಕೈಗೆ ಕೊಟ್ಟರು. ಸಂಘದ ಕಾರ್ಯದರ್ಶಿ ತನ್ನ ಸಂಘದ ಮಾಲನ್ನು ತಾನೇ ನಿಂತು ತಿನ್ನುವುದನ್ನು ಸಾಹೇಬರು ದೂರದಿಂದ ನೋಡುತ್ತಿದ್ದರು. ಭಾಷಣಕ್ಕೆ ನನ್ನ ಹೆಸರು ಕರೆದಾಗ ಬಾಯಿಯಲ್ಲಿ ಹಪ್ಪಳ ಇತ್ತು.

ಮೇಡಂ ಬರೆದುಕೊಟ್ಟ ಕಾಗದ ಎಣ್ಣೆ ಕೈಗೆ ಅಂಟಿ ಓದುವ ಹಾಗಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ನಾನು ಸಂಸ್ಥೆ ನೋಡೋಕೆ ಇಷ್ಟು ದೂರ ಬಂದೆ. ನಮ್ಮೂರಲ್ಲೇ ಒಂದಿತ್ತು. ಅದಕ್ಕೆ ಬೋರ್ಡಿರಲಿಲ್ಲ, ಹಂಗಾಗಿ ನಂಗೆ ಗುರುತು ಸಿಗ್ಲಿಲ್ಲ. ಹೊಸದು ಕಟ್ಟಿದ್ದು ತಪ್ಪಲ್ಲ. ಹಳೇದರ ಬಾಕಿ ತೀರಿಸ್ದೆ ಕಟ್ಟಿದ್ದು ತಪ್ಪು."

ಮೇಡಂ ಅದನ್ನು ಇಂಗ್ಲಿಷಿಗೆ ತರುವಾಗ ಬಹಳ ಉದ್ದವಾಯಿತು. ನಡುವೆ ಡೆವಲಪ್‌ಮೆಂಟ್ ಎಂಬ ಮಾತು ಮೂರು ಸಲ ಕೇಳಿಸಿತು. ನಾನು ಒಂದು ಸಲವೂ ಹೇಳಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಮೇಡಂಗೋ ನನಗೋ ತಿಳಿಯಲಿಲ್ಲ.

ಪಾ ನೊಯ್ ಚಪ್ಪಾಳೆ ತಟ್ಟಲಿಲ್ಲ. ಒಲೆ ಬಿಟ್ಟು ಏಳಲು ಅವರಿಗೆ ಪುರುಸೊತ್ತಿರಲಿಲ್ಲ. ಹೊತ್ತು ಇಳಿದಾಗ ಕಿಟಕಿಯಿಂದ ಬಿಸಿಲು ನೋಡಿ, ಬಾಣಲೆ ತೊಳೆದಿಟ್ಟು, ಬಳೆಯನ್ನು ನನ್ನ ಕೈಗೆ ಕೊಟ್ಟು ಒಂದು ಮಾತು ಹೇಳಿ ಹೊರಟರು. ಮಾಲಿ ಹತ್ತಿರವಿರಲಿಲ್ಲ. ಆದರೂ ಮಾತು ಅರ್ಥವಾಯಿತು. ಮುಯ್ಯಿ ತೀರಿಸಿದವರೆಲ್ಲ ಹೊಸ್ತಿಲು ದಾಟುವಾಗ ಹಾಗೇ ಕಾಣುತ್ತಾರೆ.

ಅರಳಸುರಳಿ, ನಾಲ್ಕನೇ ಮನೆ

ಮನೆಗೆ ಬಂದು ದೇವರಿಗೆ ದೀಪ ಹಚ್ಚಿದೆ. ನಮ್ಮನೆಯವರು ಕೇಳಿದರು, "ಸಂಸ್ಥೆ ನೋಡಿದ್ಯಾ?"

"ನೋಡ್ದೆ."

"ಹೆಂಗಿತ್ತು?"

"ಜಲಜಕ್ಕನ ಮನೆಗೆ ಹೋಗಿ ಬರ್ತೀನಿ" ಎಂದೆ. ಅರ್ಜಿಯ ಕಾಗದ ಟೇಬಲ್ಲಿನ ಮೇಲಿತ್ತು. ಅಲ್ಲೇ ಬಿಟ್ಟು, ಹಪ್ಪಳದ ಮಣೆ ಎತ್ತಿಕೊಂಡು ಹೋದೆ.

ಜಲಜಕ್ಕ ಜಗಲಿಯಲ್ಲಿ ಹಲಸಿನ ಕಾಯಿ ಸೀಳುತ್ತಿದ್ದಳು. ತಲೆ ಎತ್ತಲಿಲ್ಲ.

"ಓ, ಫಾರಿನ್ನಿನೋರು. ಕೂರೋಕೆ ಕುರ್ಚಿ ಇಲ್ಲ ಮಾರಾಯ್ತಿ. ಕುರ್ಚಿ ಎಲ್ಲ ಸಂಘದಲ್ಲಿದೆ."

ನಾನು ನೆಲದ ಮೇಲೆ ಕೂತೆ. "ನಂದು ಎರಡು ದಿನದ ಕೆಲಸ ಬಾಕಿ ಇದೆ."

"ಯಾವ ಕೆಲಸ?"

"ಹೋದ ವರ್ಷದ್ದು."

ಕಾಯಿ ನಾಲ್ಕು ಹೋಳಾದ ಮೇಲೆ ಹೇಳಿದಳು, "ಎರಡೂವರೆ."

"ಹಾಂ?"

"ಹಿಂದಿನ ದಿನ ಮಧ್ಯಾಹ್ನ ಬಂದು ಕಾಯಿ ಸೀಳಿ ಕೊಟ್ಟಿದ್ದು ಯಾರು, ನಿನ್ನ ಹಾಜರಿ ಪುಸ್ತಕನಾ?"

"ಎರಡೂವರೆ" ಎಂದೆ.

"ಕಾಗದ ತಂದ್ಯಾ?"

"ಇಲ್ಲ."

ಆಗ ಮೊದಲ ಸಲ ನನ್ನ ಮುಖ ನೋಡಿದಳು. "ಮಳೆ ಹಿಡಿಯೋದ್ರೊಳಗೆ ಕೊಡ್ಬೇಕಂತಲ್ಲ, ಎಲ್ಲರೂ ಹೇಳ್ತಿದ್ರು."

"ಹೌದು."

ಅವಳು ಅಂಗಳಕ್ಕೆ ಬಗ್ಗಿ ಆಕಾಶ ನೋಡಿದಳು. ಕವಲೆದುರ್ಗದ ಕಡೆಯಿಂದ ಒಂದು ಮೋಡ ಎದ್ದಿತ್ತು, ಆದರೆ ಬಿಳಿ. "ಎರಡೂವರೆ ದಿನ ಮುಗೀಲಿ. ಆಮೇಲೆ ತಗಂಡ್ ಬಾ. ಓದಿ ನೋಡ್ತೀನಿ. ನೀನು ಓದೋದು ಬೇಡ." ಆಮೇಲೆ ಅವಳ ಕಣ್ಣು ನನ್ನ ಸೆರಗಿನ ತುದಿಗೆ ಕಟ್ಟಿದ್ದ ಬಳೆಯ ಮೇಲೆ ಬಿತ್ತು. "ಇದೆಂತದು?"

"ಹಪ್ಳ ಇದರ ಅಳತೆಗೆ ಇರ್ಬೇಕು. ಇಲ್ದಿದ್ರೆ ಒತ್ತಿದವರೇ ತಿನ್ಬೇಕು."

ಅವಳು ಬಳೆಯನ್ನು ತಿರುಗಿಸಿ ನೋಡಿದಳು, ನನ್ನನ್ನೂ ನೋಡಿದಳು. "ಹಂಗಾದ್ರೆ ನಿಂಗೆ ಇವತ್ತು ಅಡುಗೆ ಮಾಡೋದು ಬೇಡ."

ಎಣ್ಣೆಯ ಬಟ್ಟಲನ್ನು ನನ್ನ ಕಡೆಗೆ ತಳ್ಳಿದಳು. ಮೇಣ ಅಂಟದ ಹಾಗೆ ಎರಡೂ ಕೈಗೆ ಎಣ್ಣೆ ಹಚ್ಚಿಕೊಂಡು, ನಾನು ಮೊದಲ ಹೋಳನ್ನು ಹತ್ತಿರಕ್ಕೆ ಎಳೆದುಕೊಂಡು ಸೊಳೆ ಬಿಡಿಸಲು ಕೂತೆ.